ಮಳೆಗಾಲಕ್ಕೆ ಮೊದಲು ಹಳೆ ಫಾರ್ಚೂನರ್: ಅಂಗಳದಲ್ಲೇ ಎಂತೆಂತ ಮಾಡಿಕೊಳ್ಳಬಹುದು?

ಕಟಪಾಡಿ_ಫಾರ್ಚೂನರ್:
ಎಲ್ಲರಿಗೂ ನಮಸ್ಕಾರ. ಗಾಡಿ 2010ರ ಫಾರ್ಚೂನರ್, 3.0 ಲೀಟರಿನ ಡಿ-4ಡಿ ಡೀಸೆಲ್ ಇಂಜಿನ್, 4×4 (ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಎಳೆತ), ಮ್ಯಾನುಯಲ್ ಗೇರು. ನಿಲ್ಲುವುದು ಕಡಲಿನ ಗಾಳಿ ನೇರ ಬಡಿಯುವ ಜಾಗದಲ್ಲಿ. ಈಗಿನ ತೊಂದರೆಗಳು: ಎಡಬದಿ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ, ಗಾಡಿ ಹೊರಡುವಾಗ ಅಡಿಯಿಂದ "ಟಕ್" ಅಂತ ಒಂದು ಪೆಟ್ಟು, ಬೆಳಿಗ್ಗೆ ಸೆಲ್ಫ್ ಎಳೆಯುವುದು ನಿಧಾನ, ಹಿಂದಿನ ಬ್ರೇಕಿನಲ್ಲಿ ಕಿರ್ ಶಬ್ದ. ಇದರ ಜೊತೆಗೆ ಸ್ನಾರ್ಕಲ್ (ಇಂಜಿನ್ನಿಗೆ ಟಾಪಿನ ಎತ್ತರದಿಂದ ಗಾಳಿ ತರುವ ಕೊಳವೆ), ಟಾಪಿಗೆ ಎಲ್‌ಇಡಿ ಬಾರ್, ಮುಂದೆ ಬುಲ್ ಗಾರ್ಡ್ (ಬಂಪರಿನ ಮುಂದಿನ ಕಬ್ಬಿಣದ ಕಂಬಿ), 265/70 ಆರ್17 ಟೈರು ಹಾಕುವ ಅಂದಾಜು ಉಂಟು. ಯಾವುದನ್ನು ಮೊದಲು ಮಾಡುವುದು? ಪಾನ (ಸ್ಪ್ಯಾನರ್) ಸೆಟ್ಟು, ಮಲ್ಟಿಮೀಟರ್, ಟ್ರಾಲಿ ಜಾಕು, ಆ್ಯಂಗಲ್ ಗ್ರೈಂಡರ್ ಉಂಟು.

ಪಡುಬಿದ್ರಿ_ಪಾನ:
ಸ್ನಾರ್ಕಲಿನ ದುಡ್ಡು ಬದಿಗಿಡಿ ಮಾರಾಯ್ರೆ. ಹದಿನೈದು ವರ್ಷ ದಾಟಿದ, ಚಾಸಿಯ (ಅಡಿಯ ಕಬ್ಬಿಣದ ಚೌಕಟ್ಟಿನ) ಮೇಲೆ ಕೂತ ಗಾಡಿಗೆ ಕರಾವಳಿಯಲ್ಲಿ ಮೊದಲ ಖರ್ಚು ಅಡಿಯಲ್ಲಿ. ಚಾಸಿಯ ಒಳಗೆ ಕೆಸರು ಕೂತಿದ್ದರೆ ಮೇಲೆ ಹಾಕಿದ ಎಲ್ಲ ಸಾಮಾನು ಗುಜರಿಗೆ ಹಾಕಿದ ಹಾಗೆ.

ಕೆಲಸಕ್ಕೆ ಇಳಿಯುವ ಮೊದಲು ಜಾಕಿನ ವಿಷಯ. ಗಾಡಿ ಹೆಚ್ಚುಕಡಿಮೆ ಎರಡು ಟನ್. ಟ್ರಾಲಿ ಜಾಕು ಎತ್ತಲಿಕ್ಕೆ ಮಾತ್ರ, ಅಡಿಗೆ ಹೋಗಬೇಕಾದರೆ ತಲಾ 3 ಟನ್ನಿನ ಆ್ಯಕ್ಸಲ್ ಸ್ಟ್ಯಾಂಡ್ ಎರಡಾದರೂ ಬೇಕೇ ಬೇಕು. ನಮ್ಮಲ್ಲಿ ಸ್ಟ್ಯಾಂಡಿನ ಬದಲು ಕೆಂಪುಕಲ್ಲು ಪೇರಿಸುವ ಅಭ್ಯಾಸ ಉಂಟು, ಅದು ಬೇಡವೇ ಬೇಡ. ಮನೆ ಕಟ್ಟುವಾಗ ಕೆಂಪುಕಲ್ಲಿನ ಮೇಲೆ ಭಾರ ಸಮನಾಗಿ ಬೀಳ್ತದೆ. ಜಾಕಿಂಗ್ ಪಾಯಿಂಟಿನ ಎರಡಿಂಚು ಜಾಗದಲ್ಲಿ ಭಾರ ಬಿದ್ದರೆ ಕಲ್ಲು ಮುನ್ಸೂಚನೆ ಕೊಡದೆ ಪುಡಿಯಾಗ್ತದೆ, ಒದ್ದೆ ಕಲ್ಲಾದರೆ ಇನ್ನೂ ಬೇಗ. ಅಂಗಳ ಮಣ್ಣಿನದ್ದಾದರೆ ಸ್ಟ್ಯಾಂಡಿನ ಅಡಿಗೆ 18 ಮಿಮೀ ಪ್ಲೈವುಡ್ ತುಂಡು ಇಡಿ, ಇಲ್ಲದಿದ್ದರೆ ಕಾಲು ಹೂತು ವಾಲ್ತದೆ.

ಇನ್ನೊಂದು, ನಿಮ್ಮ ಗಾಡಿಯ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಎರಡೂ ಚಕ್ರ ಎತ್ತಿದಿರಿ ಅಂದರೆ ಅದೊಂದೇ ಗಾಡಿಯನ್ನು ಹಿಡಿಯುವುದಿಲ್ಲ. ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡೆ (ಉರುಳದ ಹಾಗೆ ಇಡುವ ತುಂಡು) ಕೊಟ್ಟೇ ಎತ್ತಬೇಕು. ಈ ಮಾದರಿ ಸದಾ 4×4, ನಡುವೆ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿಕ್ಕೆ ಬಿಡುವ ಗೇರು) ಉಂಟು. ಆದ್ದರಿಂದ ಹಿಂದೆ ಮಾತ್ರ ಎತ್ತಿ ಇಂಜಿನ್ ಚಾಲೂ ಮಾಡಿ ಗೇರ್ ಹಾಕಿ "ಶಬ್ದ ನೋಡುವ" ಅಂತ ಹೊರಡಬೇಡಿ. ಆ ನಡುವಿನ ಡಿಫರೆನ್ಷಿಯಲಿನ ಲಾಕ್ ಬಿದ್ದಿದ್ದರೆ ಮುಂದಿನ ಚಕ್ರ ಗಾಡಿಯನ್ನು ಸ್ಟ್ಯಾಂಡಿನಿಂದ ಎಳೆದು ಹಾಕ್ತದೆ.

ಸುರತ್ಕಲ್_ವೆಲ್ಡರ್:
ಚಾಸಿ ನೋಡುವ ಕ್ರಮ ಹೇಳ್ತೇನೆ. 200 ಗ್ರಾಮಿನ ಸಣ್ಣ ಸುತ್ತಿಗೆ ಹಿಡಿದು ಮುಂದಿನಿಂದ ಹಿಂದಕ್ಕೆ ಅಂಗೈ ಅಗಲಕ್ಕೊಂದು ಪೆಟ್ಟು ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅಂತದೆ. ಪದರ ಬಿಟ್ಟದ್ದು, ಒಳಗೆ ಮಣ್ಣು ತುಂಬಿದ್ದು ದಬ್ ಅಂತದೆ. ದಬ್ ಅಂದಲ್ಲಿ ಹಳೆ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ಒಳಗೆ ಹೋದರೆ ಪೇಂಟಿನ ಕೆಲಸ ಅಲ್ಲ, ಕತ್ತರಿಸಿ ಹೊಸ ಪ್ಲೇಟು ಹಾಕುವ ಕೆಲಸ. ಹೆಚ್ಚು ನೋಡಬೇಕಾದ ಜಾಗ: ಹಿಂದಿನ ಆ್ಯಕ್ಸಲ್ ಮೇಲೆ ಚಾಸಿ ಬಗ್ಗಿ ಏರುವಲ್ಲಿ, ಹಿಂದಿನ ಆರ್ಮ್‌ಗಳ ಬ್ರಾಕೆಟ್ ಕೂಡುವಲ್ಲಿ, ಡೀಸೆಲ್ ಟ್ಯಾಂಕಿನ ಗಾರ್ಡಿನ ಒಳಬದಿ, ಸ್ಟೆಪ್ನಿ ತೂಗುವ ಅಡ್ಡಪಟ್ಟಿ.

ತೂತಾದ ಜಾಗಕ್ಕೆ ಮೇಲಿಂದ ಪ್ಲೇಟು ಕೂರಿಸಿ ಸುತ್ತ ವೆಲ್ಡ್ ಹೊಡೆದು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹಳೆ ತುಕ್ಕು ಒಳಗೇ ಉಳಿದು ಎರಡು ಪದರದ ನಡುವೆ ನೀರು ನಿಂತು ಮೊದಲಿಗಿಂತ ಬೇಗ ತಿನ್ನುತ್ತದೆ. ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಬೇಕು, ಅರ್ಥ್ ಕ್ಲ್ಯಾಂಪು ವೆಲ್ಡ್ ಆಗುವ ಜಾಗದ ಬುಡದಲ್ಲೇ ಹಾಕಬೇಕು. ದೂರ ಹಾಕಿದರೆ ಕರೆಂಟು ಬೇರಿಂಗು, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಹಾದು ಹೋಗ್ತದೆ. ಟ್ಯಾಂಕಿನ ಹತ್ತಿರವಾದರೆ ಟ್ಯಾಂಕ್ ಇಳಿಸದೆ ಟಾರ್ಚು ಹಿಡಿಯುವವರ ಕೈಗೆ ಗಾಡಿ ಕೊಡಬೇಡಿ.

ಪಡುಬಿದ್ರಿ_ಪಾನ:
ತೊಳೆಯುವ ಕ್ರಮ ನಾನು ಸೇರಿಸ್ತೇನೆ. ಚಾಸಿಯ ಅಡಿಬದಿಯಲ್ಲಿ ಸಾಲಾಗಿ ನೀರು ಇಳಿಯುವ ತೂತುಗಳುಂಟು. ಹೆಚ್ಚಿನವು ಮುಚ್ಚಿರ್ತವೆ. ಸೈಕಲ್ ಸ್ಪೋಕಿನ ತುದಿಯನ್ನು ಸ್ವಲ್ಪ ಬಗ್ಗಿಸಿ ಒಳಗೆ ಹಾಕಿ ತಿರುಗಿಸಿದರೆ ಮೊದಲು ಒಣ ಕೆಂಪುಮಣ್ಣಿನ ಬಿರಡೆ ಉದುರ್ತದೆ, ಅದರ ಹಿಂದೆ ಬಿಸ್ಕತ್ತಿನ ಪುಡಿಯ ಹಾಗೆ ತುಕ್ಕಿನ ಚಕ್ಕೆ. ಎಲ್ಲ ತೂತು ತೆರೆದ ಮೇಲೆ 10 ಮಿಮೀ ಪೈಪನ್ನು ಪಕ್ಕದ ದೊಡ್ಡ ತೂತಿನಿಂದ ಒಳಗೆ ತೂರಿಸಿ ನೀರು ಬಿಡಿ. ಕೆಳಗಿಂದ ಕೆಂಪು ನೀರು ಹೋಗಿ ತಿಳಿನೀರು ಬರುವವರೆಗೆ ನಿಲ್ಲಿಸಬಾರದು.

ಆ ನೀರು ಸಿಹಿನೀರೇ ಆಗಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕಡಲು, ಹೊಳೆಬಾಗಿಲ ಹತ್ತಿರದ ಬಾವಿಗಳಿಗೆ ಉಪ್ಪು ಏರ್ತದೆ. ಬಾಯಿಗೆ ಹಾಕಿ ನೋಡಿ, ಉಪ್ಪುಪ್ಪು ಅನಿಸಿದರೆ, ಸಾಬೂನು ನೊರೆ ಬಾರದಿದ್ದರೆ ಅದರಲ್ಲಿ ಚಾಸಿ ತೊಳೆದು ಪ್ರಯೋಜನ ಇಲ್ಲ, ಟ್ಯಾಂಕರ್ ನೀರೇ ಗತಿ. ಬೀಚಿಗೆ ಹೋಗದ ಗಾಡಿಗೆ ಉಪ್ಪು ಎಲ್ಲಿಂದ ಅಂತ ಕೇಳುವವರಿಗೆ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಪ್ಪುನೀರು ಸುರಿಸ್ತಾ ಹೋಗುವ ಮೀನಿನ ಲಾರಿಯ ಹಿಂದೆ ಐದು ನಿಮಿಷ ಹೋದರೂ ಸಾಕು.

ಮಲ್ಪೆ_ಬೊಲೆರೊ:
ಇಷ್ಟೆಲ್ಲ ಎಂತಕ್ಕೆ? ವೇಸ್ಟ್ ಆಯಿಲಿಗೆ ಅರ್ಧ ಡೀಸೆಲ್ ಬೆರೆಸಿ ಅಡಿಗೆ ಸ್ಪ್ರೇ ಹೊಡೆದರೆ ಆಯ್ತು. ಬಂದರಿನ ಗಾಡಿಗಳೆಲ್ಲ ಅದರಲ್ಲೇ ಓಡ್ತಾ ಇವೆ. ಖರ್ಚು ನೂರಿನ್ನೂರು ರೂಪಾಯಿ.

ಸುರತ್ಕಲ್_ವೆಲ್ಡರ್:
ಎಣ್ಣೆ ಇರುವಷ್ಟು ದಿನ ತುಕ್ಕು ತಡೆಯುವುದು ಹೌದು, ಸುಳ್ಳಲ್ಲ. ಆದರೆ ಡೀಸೆಲ್ ಬೆರೆಸಿದ ಎಣ್ಣೆ ಜೂನಿನ ಮೊದಲ ವಾರದ ಮಳೆಗೇ ತೊಳೆದು ಹೋಗ್ತದೆ, ಮತ್ತೆ ನಾಲ್ಕು ತಿಂಗಳು ಬಾಕಿ. ಇಂಜಿನ್ನಿನಲ್ಲಿ ಬೆಂದ ಎಣ್ಣೆಯಲ್ಲಿ ಆಮ್ಲದ ಅಂಶ ಸೇರಿರ್ತದೆ. ಸಸ್ಪೆನ್ಷನ್ ಬುಷ್ಷುಗಳ ರಬ್ಬರು ಖನಿಜ ಎಣ್ಣೆ ಕುಡಿದು ಊದಿ ಮೆತ್ತಗಾಗ್ತದೆ. ಡ್ರಮ್ಮಿನೊಳಗೆ, ಡಿಸ್ಕಿನ ಮೇಲೆ ನಾಲ್ಕು ಹನಿ ಬಿದ್ದರೆ ಆ ಚಕ್ರದಲ್ಲಿ ಬ್ರೇಕ್ ಇಲ್ಲ.

ಎಲ್ಲಕ್ಕಿಂತ ಹೆಚ್ಚು, ಇಲ್ಲಿ ಅಂಗಳದಲ್ಲೇ ಬಾವಿ. ಕೆಂಪುಕಲ್ಲಿನ ನೆಲ ಸಂದುಸಂದಿನಲ್ಲೂ ನೀರು ಇಳಿಸ್ತದೆ. ಅಡಿಯಿಂದ ತೊಟ್ಟಿಕ್ಕಿದ ಎಣ್ಣೆ ಮಳೆನೀರಿನ ಜೊತೆ ಎಲ್ಲಿಗೆ ಹೋಗ್ತದೆ ಅಂತ ಹೇಳಬೇಕಾಗಿಲ್ಲ.

ಮಲ್ಪೆ_ಬೊಲೆರೊ:
ಬಾವಿಯ ಮಾತು ಒಪ್ಪಿದೆ. ಹಾಗಾದ್ರೆ ಕರಿ ರಬ್ಬರ್ ಕೋಟಿಂಗ್?

ಸುರತ್ಕಲ್_ವೆಲ್ಡರ್:
ಹೊಸ ಗಾಡಿಗೆ ಸರಿ. ಈಗಾಗಲೇ ತುಕ್ಕು ಹಿಡಿದ ಕಬ್ಬಿಣದ ಮೇಲೆ ಹೊಡೆಸಿದರೆ ಅದು ಗಟ್ಟಿಯಾಗಿ ಬಿರುಕು ಬಿಡ್ತದೆ, ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಮೇಲಿಂದ ಕಪ್ಪಗೆ ಮಿಂಚ್ತಾ ಇರ್ತದೆ, ಕೆರೆದರೆ ಹಾಳೆ ಹಾಳೆಯಾಗಿ ಕಬ್ಬಿಣವೇ ಕೈಗೆ ಬರ್ತದೆ.

ಹಳೆ ಚಾಸಿಗೆ ಕ್ರಮ ಹೀಗೆ. ತೊಳೆದ ಮೇಲೆ ಕನಿಷ್ಠ ಎರಡು ಬಿಸಿಲು ಒಣಗಬೇಕು, ಅದಕ್ಕೇ ಈ ಕೆಲಸ ಮೇ ತಿಂಗಳ ಕೊನೆಗೆ ಇಟ್ಟುಕೊಳ್ಳಬಾರದು. ಗ್ರೈಂಡರಿಗೆ ವೈರ್ ಕಪ್ ಹಾಕಿ ಸಡಿಲ ತುಕ್ಕು ತೆಗೆಯಿರಿ. ಕನ್ನಡಕ ಕಡ್ಡಾಯ, ಕಪ್ಪಿನ ತಂತಿ ಕಿತ್ತು ಸೂಜಿಯ ಹಾಗೆ ಹಾರ್ತದೆ. ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರ ಮಾಡುವ ದ್ರವ) ಬ್ರಷ್ಷಿನಲ್ಲಿ ತೆಳ್ಳಗೆ ಎರಡು ಸಲ, ಅರ್ಧ ಲೀಟರ್ ಸಾಕು. ಕೆಂಪು ಇದ್ದದ್ದು ನೀಲಿಗಪ್ಪು ಆಗಬೇಕು. ಡಬ್ಬಿಯಲ್ಲಿ ತೊಳೆಯಬೇಕು ಅಂತ ಬರೆದಿದ್ದರೆ ತೊಳೆದು ಒಣಗಿಸಿ. ಅದರ ಮೇಲೆ ಎರಡು ಡಬ್ಬಿಯದ್ದನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಒಂದು ಲೀಟರ್, ಮತ್ತೆ ಚಾಸಿ ಬ್ಲ್ಯಾಕ್. ಪೆಟ್ಟಿಗೆಯ ಹಾಗಿರುವ ಚಾಸಿಯ ಒಳಬದಿಗೆ ಬ್ರಷ್ಷು ಹೋಗುವುದಿಲ್ಲ, ಅಲ್ಲಿಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ಸಿಂಪಡಿಸುವ ಮೇಣ). ಉದ್ದ ಪೈಪಿನ ತುದಿಯಲ್ಲಿ ಸುತ್ತಲೂ ಸಿಂಪಡಿಸುವ ನಾಝಲ್ ಇರುವಂಥದ್ದು ಬೇಕು. ಪೈಪನ್ನು ಪೂರ್ತಿ ಒಳಗೆ ತೂರಿಸಿ, ಟ್ರಿಗರ್ ಒತ್ತಿ ಹಿಡಿದು ಮೆಲ್ಲ ಹಿಂದಕ್ಕೆ ಎಳೆಯುತ್ತಾ ಬನ್ನಿ. ಇಡೀ ಗಾಡಿಗೆ ಎರಡು ಲೀಟರ್ ಹತ್ತಿರ ಬೇಕು. ಆದ ಮೇಲೆ ಅದೇ ಸೈಕಲ್ ಸ್ಪೋಕಿನಲ್ಲಿ ತೂತುಗಳನ್ನು ಮತ್ತೊಮ್ಮೆ ಬಿಡಿಸಿ, ವ್ಯಾಕ್ಸೇ ಮುಚ್ಚಿ ಹಾಕಿರ್ತದೆ. ಸೈಲೆನ್ಸರ್ ಪೈಪು, ಬ್ರೇಕು ಇರುವಲ್ಲಿ ಮೊದಲೇ ಪ್ಲಾಸ್ಟಿಕ್ ಕಟ್ಟಿಡಿ.

ಬಂಟ್ವಾಳ_ಸಫಾರಿ:
ಕನ್ವರ್ಟರಿನ ಮೇಲೆ ಜಿಂಕ್ ಪ್ರೈಮರ್ ಹೊಡೆದರೆ ಇನ್ನೂ ಒಳ್ಳೆಯದಲ್ವಾ? ಹಡಗಿಗೆ ಅದೇ ಹೊಡೆಯುವುದು.

ಸುರತ್ಕಲ್_ವೆಲ್ಡರ್:
ಜಿಂಕ್ ಕೆಲಸ ಮಾಡುವುದು ಬರಿ ಕಬ್ಬಿಣಕ್ಕೆ ನೇರ ತಾಗಿದಾಗ. ಕಬ್ಬಿಣದ ಬದಲು ತಾನು ಸವೆಯುವುದೇ ಅದರ ಗುಣ. ಕನ್ವರ್ಟರಿನ ಪದರ ನಡುವೆ ಬಂದರೆ ಆ ಸಂಪರ್ಕವೇ ಇಲ್ಲ, ದುಬಾರಿ ಬೂದು ಬಣ್ಣ ಅಷ್ಟೆ. ಹಡಗಿನ ತಗಡಿಗೆ ಮರಳು ಹೊಡೆದು ಬೆಳ್ಳಿಯ ಹಾಗೆ ಮಾಡಿ ಮತ್ತೆ ಜಿಂಕ್ ಹೊಡೆಯುವುದು. ಅಷ್ಟು ಶುಚಿ ಮಾಡುವುದಾದರೆ ಜಿಂಕ್, ಇಲ್ಲದಿದ್ದರೆ ಎಪಾಕ್ಸಿ.

ವಯರಿಂಗ್_19:
ಸೆಲ್ಫ್ ನಿಧಾನ ಅಂದ್ರಲ್ಲ, ಹೊಸ ಬ್ಯಾಟರಿಗೆ ಓಡುವ ಮೊದಲು ಮಲ್ಟಿಮೀಟರ್ ತೆಗೆಯಿರಿ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ಬ್ಯಾಟರಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೆ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿಯದೆಯೂ ಸೆಲ್ಫ್ ಎಳೆಯುವುದಿಲ್ಲ ಅಂದರೆ ಕಳವು ತಂತಿಯಲ್ಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲ್ಯಾಂಪಿಗೆ ಅಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಇಂಜಿನ್ ಬ್ಲಾಕಿನ ಶುಚಿ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟಿನ ಒಳಗೆ ಇದ್ದರೆ ಅರ್ಥ್ ಚೆಂದ ಉಂಟು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ (ಬ್ಯಾಟರಿಯ ನೆಗೆಟಿವನ್ನು ಇಂಜಿನ್, ಬಾಡಿಗಳಿಗೆ ಕೂಡಿಸುವ ತಂತಿ) ಹೋಗಿದೆ. ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿಗೂ ಹಾಗೆಯೇ ನೋಡಿ, ಅಲ್ಲಿ ಅರ್ಧ ವೋಲ್ಟಿನವರೆಗೆ ಪರವಾಗಿಲ್ಲ.

ಕಡಲ ಬದಿಯ ಗಾಡಿಗಳಲ್ಲಿ ಹತ್ತಕ್ಕೆ ಏಳೆಂಟು ಸಲ ಅರ್ಥೇ ಕಳ್ಳ. ಪಟ್ಟಿ ಹೊರಗಿಂದ ಸರಿ ಕಾಣ್ತದೆ, ಲಗ್ಗಿನ (ತಂತಿಯ ತುದಿಯ ಲೋಹದ ಬಳೆಯ) ಬುಡದಲ್ಲಿ ಹೊದಿಕೆ ಸ್ವಲ್ಪ ಸೀಳಿದರೆ ಒಳಗೆ ತಾಮ್ರ ಹಸಿರು ಪುಡಿ. ನೆಗೆಟಿವ್ ಮೊದಲು ಬಿಚ್ಚಿ, ಹಾಕುವಾಗ ನೆಗೆಟಿವ್ ಕೊನೆಗೆ. ಗಾಡಿಯ ಬಾಡಿಯಲ್ಲಿ ಪಟ್ಟಿ ಕೂರುವ ಜಾಗವನ್ನು ಎಮರಿಯಲ್ಲಿ ಹೊಳೆಯುವವರೆಗೆ ತಿಕ್ಕಿ, ಬಿಗಿದ ನಂತರ ಮೇಲಿಂದ ವ್ಯಾಸಲಿನ್ ಹಚ್ಚಿ. ಹಚ್ಚಿ ಬಿಗಿಯುವುದಲ್ಲ, ಬಿಗಿದು ಹಚ್ಚುವುದು.

ಬೆಳ್ತಂಗಡಿ_ಘಾಟಿ:
ಹಿಂದಿನ ಬ್ರೇಕಿಗೆ: ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರ ತೆಗೆದರೆ ಡ್ರಮ್ಮಿನ ಮುಖದಲ್ಲಿ ಮರೆ (ಬೋಲ್ಟ್ ತಿರುಗುವ ಥ್ರೆಡ್) ಇರುವ ಎರಡು ಖಾಲಿ ತೂತು ಕಾಣ್ತದೆ. ತುಕ್ಕಿನಲ್ಲಿ ಹಿಡಿದ ಡ್ರಮ್ಮಿಗೆ ಸುತ್ತಿಗೆ ಹೊಡೆಯುವುದು ಬೇಡ, ಆ ತೂತುಗಳಿಗೆ 8 ಮಿಮೀ ಬೋಲ್ಟು ಎರಡು ಹಾಕಿ ಒಂದು ಬದಿ ಕಾಲು ಸುತ್ತು, ಇನ್ನೊಂದು ಬದಿ ಕಾಲು ಸುತ್ತು ತಿರುಗಿಸ್ತಾ ಹೋದರೆ ತಾನೇ ಹೊರಗೆ ಬರ್ತದೆ. ಒಳಗಿನ ಪುಡಿಯನ್ನು ಗಾಳಿಯಲ್ಲಿ ಊದಬಾರದು, ಒದ್ದೆ ಮಾಡಿ ಒರೆಸಿ. ಲೈನರ್ (ಡ್ರಮ್ಮಿಗೆ ಉಜ್ಜುವ ಬ್ರೇಕ್ ಪಟ್ಟಿ) ಹೊಳಪು ಬಂದಿದ್ದರೆ 80 ನಂಬ್ರದ ಎಮರಿಯಲ್ಲಿ ಉಜ್ಜಿ, ರಿವಿಟ್ ಇದ್ದದ್ದಾದರೆ ರಿವಿಟಿನ ತಲೆಯಿಂದ ಎಷ್ಟು ಉಳಿದಿದೆ ನೋಡಿ. ಮುಖ್ಯ ಕೆಲಸ ಅಡ್ಜಸ್ಟರ್: ಹಲ್ಲಿನ ಚಕ್ರ ಇರುವ ಸ್ಕ್ರೂ ಉಪ್ಪುಗಾಳಿಗೆ ಹಿಡಿದುಕೊಳ್ತದೆ. ಆಮೇಲೆ ಲೈನರ್ ಸವೆದಂತೆ ಅಂತರ ಸರಿಯಾಗುವುದಿಲ್ಲ, ಪೆಡಲ್ ಕೆಳಗೆ ಹೋಗ್ತದೆ, ಹ್ಯಾಂಡ್‌ಬ್ರೇಕ್ ಹಲ್ಲು ಮೇಲೇರ್ತದೆ. ಜನ ಕೇಬಲ್ ಬಿಗಿ ಮಾಡಿಸ್ತಾರೆ, ಅದು ತಪ್ಪು ಮದ್ದು. ಸ್ಕ್ರೂ ಬಿಚ್ಚಿ ತೊಳೆದು ಬ್ರೇಕ್ ಗ್ರೀಸು ಹಚ್ಚಿ. ಎಡದ್ದು ಬಲಕ್ಕೆ ಹಾಕಬೇಡಿ, ಮರೆ ತಿರುಗುಮುರುಗು ಇರ್ತದೆ. ಹಾಗಾಗಿ ಒಂದು ಬದಿ ಬಿಚ್ಚಿ ಜೋಡಿಸಿ ಮುಗಿಸಿದ ಮೇಲೆ ಇನ್ನೊಂದು. ಸಂಶಯ ಬಂದರೆ ನೋಡಲಿಕ್ಕೆ ಒಂದು ಬದಿ ಹಾಗೇ ಇರ್ತದೆ.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅದು ಗಾಳಿಯ ತೇವ ಕುಡಿಯುವ ದ್ರವ, ನಮ್ಮ ಹವೆಯಲ್ಲಿ ತೇವಕ್ಕೆ ಬರಗಾಲ ಇಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸತಿರುವಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಕುಡಿದ ಮೇಲೆ ಆ ಮಟ್ಟ 140. ಡಾಟ್ 4 ಆದರೆ 230, ಮತ್ತೆ 155. ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಒತ್ತಿಕೊಂಡೇ ಬಂದವರಿಗೆ ಕೆಳಗಿನ ತಿರುವುಗಳಲ್ಲಿ ಪೆಡಲ್ ಸ್ಪಂಜಿನ ಹಾಗಾಗುವುದು ಇದರಿಂದಲೇ: ಕುದಿದು ಆವಿಯಾದದ್ದು ಒತ್ತಿದರೆ ಕುಗ್ತದೆ, ಚಕ್ರಕ್ಕೆ ಒತ್ತಡ ಮುಟ್ಟುವುದಿಲ್ಲ. ಎರಡನೇ ಗೇರಿನಲ್ಲಿ, ಇಂಜಿನ್ನಿನ ಹಿಡಿತದಲ್ಲೇ ಇಳಿದವರ ಮಾತು ಬೇರೆ.

ಬದಲಿಸಲಿಕ್ಕೆ ಒಂದು ಲೀಟರ್ ಬೇಕು, ಸೀಲ್ ಒಡೆಯದ ಡಬ್ಬಿ. ಹಿಂದಿನ ದಿನವೇ ಬ್ಲೀಡ್ ಸ್ಕ್ರೂಗಳಿಗೆ (ಚಕ್ರದ ಹತ್ತಿರ ಹಳೆ ಆಯಿಲ್ ಹೊರಗೆ ಬಿಡುವ ಸ್ಕ್ರೂ) ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಆರು ಮೂಲೆಯ ಸಾಕೆಟ್ಟಿನಲ್ಲೇ ಸಡಿಲ ಮಾಡಿ. ತೆರೆದ ಬಾಯಿಯ ಪಾನ ಹಾಕಿದರೆ ಮೂಲೆ ಸವೆದು ಕ್ಯಾಲಿಪರೇ ಬದಲಿಸುವ ಹಾಗಾಗ್ತದೆ. ಮೇಲಿನ ಟ್ಯಾಂಕಿನಲ್ಲಿ ಆಯಿಲ್ ತಳ ಮುಟ್ಟಲಿಕ್ಕೆ ಬಿಡಬೇಡಿ. ಗಾಳಿ ಎಬಿಎಸ್ ಘಟಕಕ್ಕೆ ಹೋದರೆ ಅದನ್ನು ತೆಗೆಯಲಿಕ್ಕೆ ಸ್ಕ್ಯಾನರ್ ಬೇಕಾಗ್ತದೆ.

ಕುಂದಾಪ್ರ_ಡೀಸೆಲ್:
ಕಾರ್ಪೆಟ್ ಒದ್ದೆ ಎಂತಾ ನೀರಿನಿಂದ ಅಂತ ಮೊದ್ಲು ಕಾಣಿ ಮರ್ರೆ. ಎಸಿ ಹಾಕಿದ ದಿನ ಮಾತ್ರ, ತಣ್ಣಗೆ, ತಿಳಿ ನೀರಾದರೆ ಎಸಿ ಡ್ರೈನ್ ಪೈಪ್ ಕಟ್ಟಿದೆ. ಎಡಬದಿ ಫೈರ್‌ವಾಲಿನ ಅಡಿಯಲ್ಲಿ ಸಣ್ಣ ರಬ್ಬರ್ ಕೊಳವೆ, ಕೆಳಗಿಂದ ಮೆಲ್ಲ ಗಾಳಿ ಊದಿದರೆ ಸಾಕು. ತಂತಿ ಜೋರಾಗಿ ಚುಚ್ಚಿದರೆ ಕೂಲಿಂಗ್ ಕಾಯಿಲ್ ತೂತು. ಮಳೆ ಬಂದ ಮೇಲೆ, ಕೊಳೆ ನೀರಾದರೆ ಮುಂದಿನ ಗಾಜಿನ ಬುಡದ ಜಾಲರಿಯೊಳಗೆ ಎಲೆ ಕಟ್ಟಿದೆ. ವೈಪರ್ ತೋಳು ಬಿಚ್ಚಿ ಜಾಲರಿ ಎತ್ತಿ. ಗಾಳಿಮರದ ಅಡಿಗೆ ನಿಲ್ಲಿಸುವ ಗಾಡಿಯಾದರೆ ಆ ಸೂಜಿ ಎಲೆಗಳು ಜಾಲರಿಯ ಕಣ್ಣಲ್ಲೇ ನುಸುಳಿ ಒಳಗೆ ಚಾಪೆಯ ಹಾಗೆ ನೆಯ್ದುಕೊಂಡಿರ್ತವೆ. ಅಂಟು ಅಂಟು, ಸಿಹಿ ವಾಸನೆ ಇದ್ದರೆ ಕೂಲೆಂಟ್, ಹೀಟರಿನ ಕೋರ್ ಸೋರಿದೆ.

ಯಾವುದೇ ಆಗಲಿ, ಕಾರ್ಪೆಟ್ ಮೇಲಿಂದ ಒಣಗಿಸಿದರೆ ಆಗುವುದಿಲ್ಲ. ಅಡಿಯ ದಪ್ಪ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿಡ್ತದೆ, ನೆಲದ ತಗಡು ಒಳಗಿಂದ ತಿನ್ನುತ್ತದೆ. ಸೀಟು ಬಿಚ್ಚಿ ಕಾರ್ಪೆಟ್ ಎತ್ತಲೇಬೇಕು. ಸೀಟಿನ ಅಡಿಗೆ ಹಳದಿ ಕನೆಕ್ಟರ್ ಕಂಡರೆ ಏರ್‌ಬ್ಯಾಗಿಗೆ ಸಂಬಂಧಪಟ್ಟದ್ದು; ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿ.

ಡೀಸೆಲ್ ಫಿಲ್ಟರಿನ ನೀರೂ ಈಗಲೇ ಬಿಡಿ. ಫಿಲ್ಟರಿನ ಅಡಿಗೆ ಬಾಟ್ಲಿ ಹಿಡಿದು ಕೆಳಗಿನ ಪ್ಲಗ್ ಕೈಯಲ್ಲೇ ಒಂದೆರಡು ಸುತ್ತು ಸಡಿಲಿಸಿ, ಮೇಲಿನ ಕೈಪಂಪು ಒತ್ತಿ. ಬಾಟ್ಲಿಯಲ್ಲಿ ನೀರು ಅಡಿಗೆ ನಿಲ್ತದೆ, ಡೀಸೆಲ್ ಮೇಲೆ. ಬರಿ ಡೀಸೆಲ್ ಬಂದ ಕೂಡಲೇ ಕೈಯಲ್ಲೇ ಬಿಗಿ ಮಾಡಿ. ಪ್ಲಾಸ್ಟಿಕ್ ಪ್ಲಗ್, ಪ್ಲೈಯರ್ ಹಾಕಿದರೆ ಸೀಳ್ತದೆ. ಮತ್ತೆ ಪಂಪು ಗಟ್ಟಿ ಆಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿ.

ಕಟಪಾಡಿ_ಫಾರ್ಚೂನರ್:
ಎಸಿ ನೀರೇ, ಪೈಪು ಊದಿದ ಕೂಡಲೇ ಅರ್ಧ ಬಕೆಟ್ ಇಳಿಯಿತು. "ಟಕ್" ಶಬ್ದಕ್ಕೆ ಎಂತ?

ಪಡುಬಿದ್ರಿ_ಪಾನ:
ಪ್ರೊಪೆಲ್ಲರ್ ಶಾಫ್ಟು, ಅಂದರೆ ಇಂಜಿನ್ನಿನ ತಿರುಗುವಿಕೆಯನ್ನು ಆ್ಯಕ್ಸಲಿಗೆ ಒಯ್ಯುವ ದಂಡ. ಚಕ್ರಕ್ಕೆ ಅಡ್ಡೆ ಕೊಟ್ಟು, ನ್ಯೂಟ್ರಲಿನಲ್ಲಿಟ್ಟು, ಕ್ರಾಸಿನ (ಶಾಫ್ಟಿನ ತುದಿಯ ಬಗ್ಗುವ ಕೂಡಿಯ) ಎರಡೂ ಬದಿ ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಕ್ರಾಸಿನಲ್ಲೇ ಆಟ ಕಂಡರೆ, ಕಪ್ಪಿನ ಸುತ್ತ ಕೆಂಪು ಪುಡಿ ಕಂಡರೆ ಕ್ರಾಸ್ ಬದಲಿಸಬೇಕು. ಆಟ ಇಲ್ಲದೆ ಶಬ್ದ ಇದ್ದರೆ ಜಾರುವ ಯೋಕಿನಲ್ಲಿ (ಶಾಫ್ಟು ಒಂದರೊಳಗೊಂದು ಜಾರುವ ಕೂಡಿಯಲ್ಲಿ) ಗ್ರೀಸು ಒಣಗಿದೆ. ಗ್ರೀಸು ನಿಪ್ಪಲು ಕೆಸರಿನಲ್ಲಿ ಮುಚ್ಚಿಹೋಗಿ ಎಷ್ಟೋ ವರ್ಷ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ, ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡರಲ್ಲೂ ಹುಡುಕಿ.

ಕ್ರಾಸಿಗೆ ಲಿಥಿಯಂ ಎನ್‌ಎಲ್‌ಜಿಐ 2 ಗ್ರೀಸು, ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸು ಹೊರಗೆ ಕಾಣುವವರೆಗೆ. ಯೋಕಿಗೆ ಮಾಲಿಬ್ಡಿನಂ ಇರುವ ಗ್ರೀಸು, ಆದರೆ ಅಲ್ಲಿ ಕೈ ಬಿಗಿ ಹಿಡಿಯಿರಿ. ಶಾಫ್ಟು ಉದ್ದ ಆಗಲಿಕ್ಕೆ ಶುರುವಾಯಿತು ಅಂದರೆ ನಿಲ್ಲಿಸಬೇಕು. ಯೋಕು ಪೂರ್ತಿ ತುಂಬಿದರೆ ಸಸ್ಪೆನ್ಷನ್ ಒತ್ತಿದಾಗ ಶಾಫ್ಟಿಗೆ ಒಳಗೆ ಜಾರಲು ಜಾಗ ಇಲ್ಲದೆ ಪೆಟ್ಟೆಲ್ಲ ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗ್ತದೆ.

ಅಡಿಯಲ್ಲಿ ಇರುವಾಗಲೇ ಡಿಫರೆನ್ಷಿಯಲ್ ಬ್ರೀದರ್ (ಹೌಸಿಂಗ್ ಉಸಿರಾಡುವ ಸಣ್ಣ ತೂತಿನ ಮುಚ್ಚಳ) ನೋಡಿ. ಸ್ನಾರ್ಕಲಿಗಿಂತ ಮೊದಲು ಆಗಬೇಕಾದ ಕೆಲಸ ಇದು. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಹೌಸಿಂಗ್ ತುಂಬಿದ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ತದೆ. ಬ್ರೀದರ್ ಕೆಸರಿನಲ್ಲಿ ಮುಚ್ಚಿದ್ದರೆ ಆ ಎಳೆತಕ್ಕೆ ಆ್ಯಕ್ಸಲ್ ಸೀಲಿನ ತುಟಿಯಿಂದ ನೀರು ಒಳಗೆ. ಮೂಲ ಬ್ರೀದರ್ ಬಿಚ್ಚಿ, ಅದೇ ಮರೆಯ ಹೋಸ್ ಬಾರ್ಬ್ ಹಾಕಿ, 8 ಮಿಮೀ ಡೀಸೆಲ್ ಹೋಸು ಬ್ರೇಕ್ ಪೈಪಿನ ದಾರಿಯಲ್ಲೇ ಮೇಲೆ ಒಯ್ದು ಹಿಂದಿನ ದೀಪದ ಹಿಂಬದಿಯಲ್ಲಿ ಕೊನೆಗೊಳಿಸಿ, ತುದಿಗೆ ಸಣ್ಣ ಫಿಲ್ಟರ್. ಆ್ಯಕ್ಸಲ್ ಪೂರ್ತಿ ಕೆಳಗೆ ತೂಗಿದಾಗಲೂ ಹೋಸು ಬಿಗಿಯಾಗಬಾರದು, ಒಂದು ಗೇಣು ಸಡಿಲ ಬಿಡಿ.

ಎಣ್ಣೆ ಬದಲಿಸುವಾಗ ತುಂಬುವ ಪ್ಲಗ್ಗನ್ನೇ ಮೊದಲು ಬಿಚ್ಚಿ. ಕೆಳಗಿಂದ ಎಣ್ಣೆ ಖಾಲಿ ಮಾಡಿ, ಮೇಲಿನ ಪ್ಲಗ್ ತುಕ್ಕು ಹಿಡಿದು ಬಾರದಿದ್ದರೆ ಗಾಡಿ ಅಂಗಳದಲ್ಲೇ. ಹಿಂದೆ 24 ಮಿಮೀ ಸಾಕೆಟ್, ಮುಂದಿನ ಡಿಫರೆನ್ಷಿಯಲಿಗೆ 10 ಮಿಮೀ ಅಲನ್ ಕೀ. ಜಿಎಲ್-5 ಗೇರ್ ಆಯಿಲ್ ಎರಡಕ್ಕೂ ಸೇರಿ 5 ಲೀಟರ್ ಕ್ಯಾನ್ ಸಾಕು. ಗಾಡಿ ಸಮತಟ್ಟು ನಿಂತಿರಬೇಕು. ತೂತಿನ ತಳದಂಚಿನಿಂದ 5 ಮಿಮೀ ಒಳಗೆ ಎಣ್ಣೆ ನಿಂತರೆ ಸರಿ. ಹಳೆ ಎಣ್ಣೆ ಚಹಾಕ್ಕೆ ಹಾಲು ಹಾಕಿದ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ಹೊಸತು ಹಾಕಿ ನೂರಿನ್ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿ.

ಬಂಟ್ವಾಳ_ಸಫಾರಿ:
ಸ್ನಾರ್ಕಲ್ ಬೇಡವೇ ಬೇಡ ಅಂತೀರಾ?

ಕುಂದಾಪ್ರ_ಡೀಸೆಲ್:
ಬೇಡ ಅಂತಲ್ಲ. ಫೆಂಡರಿಗೆ ತೂತು ಕೊರೆದು ಮೇಲೆ ಕೊಳವೆ ನಿಲ್ಲಿಸಿದ ಮಾತ್ರಕ್ಕೆ ನೀರು ತಡೆಯುವುದಿಲ್ಲ. ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ನೀರು ಇಳಿಯುವ ತೂತು, ರಬ್ಬರ್ ನಾಲಗೆ ಇರ್ತದೆ. ಅದನ್ನು ಮುಚ್ಚದಿದ್ದರೆ ಕೊಳವೆ ಟಾಪಿನ ಮೇಲೆ ಇದ್ದೂ ಇಂಜಿನ್ನು ನೀರು ಕುಡಿಯುವುದು ಬಾನೆಟ್ಟಿನ ಒಳಗಿಂದಲೇ. ಪ್ರತಿ ಕೂಡಿಗೂ ಸೀಲೆಂಟ್, ಸ್ಟೀಲ್ ಕ್ಲ್ಯಾಂಪು. ಪರೀಕ್ಷೆಗೆ ಇಂಜಿನ್ ಐಡಲಿನಲ್ಲಿಟ್ಟು ಕೊಳವೆಯ ಬಾಯಿಗೆ ದಪ್ಪ ರಬ್ಬರ್ ಹಾಳೆ ಅಂಟಿಸಿದ ಹಲಗೆ ಒತ್ತಿ, ಅಂಗೈ ಬೇಡ. ಇಂಜಿನ್ ಏದುಸಿರು ಬಿಟ್ಟು ನಿಲ್ಲಲಿಕ್ಕೆ ಹೊರಟರೆ ಬಿಗಿ ಉಂಟು, ಕೂಡಲೇ ಹಲಗೆ ತೆಗೆಯಿರಿ. ಎಂತದೂ ಆಗದ ಹಾಗೆ ಓಡ್ತಾ ಇದ್ದರೆ ಬೇರೆಲ್ಲಿಂದಲೋ ಗಾಳಿ ಎಳೀತಾ ಉಂಟು. ಫೆಂಡರಿನ ಕೊರೆದ ಅಂಚಿಗೆ ಎಪಾಕ್ಸಿ ಹಚ್ಚದೆ ಕೂರಿಸಿದರೆ ಒಂದೇ ಮಳೆಗಾಲಕ್ಕೆ ತುಕ್ಕಿನ ಗೀರು ಇಳಿಯುತ್ತದೆ.

ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬಾರದು. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ತದೆ. ಎಳೆದು ತಂದು, ನಾಲ್ಕೂ ಗ್ಲೋ ಪ್ಲಗ್ (ಇಂಜಿನ್ನಿನ ಮೇಲಿನ ಬಿಸಿ ಮಾಡುವ ಪ್ಲಗ್) ಬಿಚ್ಚಿ, ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿ ನೀರು ಹೊರಗೆ ಹಾಕಿದ ಮೇಲೆ ಉಳಿದದ್ದು.

ವಯರಿಂಗ್_19:
ಲೈಟು. ಟಾಪಿನ ಬಾರ್ ಕಾನೂನಿಗೆ ಆಗುವುದಿಲ್ಲ, ಮಳೆಯಲ್ಲೂ ಮಂಜಿನಲ್ಲೂ ಬೆಳಕೆಲ್ಲ ವಾಪಸು ಕಣ್ಣಿಗೇ ಬರ್ತದೆ. ಮೊದಲು ಇರುವ ಹೆಡ್‌ಲೈಟಿನ ಬಲ್ಬಿನ ಹತ್ತಿರ ವೋಲ್ಟೇಜ್ ಅಳೆಯಿರಿ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ಇದ್ದು ಬಲ್ಬಿನಲ್ಲಿ 12.5 ಇದ್ದರೆ ಹೊಸ ಬಲ್ಬಿಗಿಂತ ಹೊಸ ಅರ್ಥೇ ಹೆಚ್ಚು ಬೆಳಕು ಕೊಡ್ತದೆ. ಬಂಪರಿನ ಎತ್ತರದಲ್ಲಿ ಹಳದಿ ಫಾಗ್ ಹಾಕುವುದಾದರೆ ನಾಲ್ಕು ಕಾಲಿನ ರಿಲೇ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ, 87 ಲೈಟಿಗೆ, 86 ಸ್ವಿಚ್ಚಿಗೆ, 85 ಅರ್ಥಿಗೆ. ಒಟ್ಟು 120 ವಾಟಿಗೆ 12 ವೋಲ್ಟಿನಲ್ಲಿ 10 ಆ್ಯಂಪಿಯರ್, ಆದ್ದರಿಂದ 15ರ ಫ್ಯೂಸ್, 2.5 ಚದರ ಮಿಮೀ ತಂತಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೆ ಇರಬೇಕು, ಫ್ಯೂಸಿಗಿಂತ ಹಿಂದಿನ ತಂತಿಗೆ ಕಾವಲಿಲ್ಲ. ತಂತಿ ಸುರುಳಿ ಸುತ್ತಿ ಇನ್ಸುಲೇಷನ್ ಟೇಪು ಹಾಕುವ ಕೆಲಸ ಕರಾವಳಿಗೆ ಆಗುವುದಿಲ್ಲ. ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಕೊಳವೆಯೇ ಬೇಕು.

ಬೆಳ್ತಂಗಡಿ_ಘಾಟಿ:
ಬುಲ್ ಗಾರ್ಡಿನ ಆಸೆ ಬಿಡಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅದರ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ದಂಡ ಒಂದು ಕಡೆ ಇರಲಿ, ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಉಂಟು. ಡಿಕ್ಕಿಯ ಪೆಟ್ಟು ಬಂಪರ್ ಕುಗ್ಗುವ ಲೆಕ್ಕದಲ್ಲಿ ಸೆನ್ಸರಿಗೆ ಮುಟ್ಟಬೇಕು. ಕಬ್ಬಿಣದ ಗಾರ್ಡನ್ನು ನೇರ ಚಾಸಿಗೆ ಬಿಗಿದರೆ ಆ ಲೆಕ್ಕವೇ ತಪ್ಪಿಹೋಗ್ತದೆ.

ಟೈರಿನ ಲೆಕ್ಕ: ಕಂಪನಿಯ 265/65 ಆರ್17 ವ್ಯಾಸ ಸುಮಾರು 776 ಮಿಮೀ, 265/70 ಆರ್17 ಸುಮಾರು 803. ವ್ಯತ್ಯಾಸ ಶೇಕಡಾ 3.4. ಗಾಡಿ ಏರುವುದು ಅದರ ಅರ್ಧ, 13 ಮಿಮೀ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಮೀಟರ್ 100 ತೋರಿಸುವಾಗ ಮೊದಲಿಗಿಂತ ಮೂರೂವರೆ ಕಿಲೋಮೀಟರ್ ಹೆಚ್ಚು ವೇಗ ಇರ್ತದೆ, ಘಾಟಿ ಏರುವಾಗ ಗೇರು ಅಷ್ಟೇ ಭಾರ ಅನಿಸ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮಡ್‌ಫ್ಲ್ಯಾಪಿಗೆ ಉಜ್ಜುತ್ತದೋ ನೋಡಿ. ಸದಾ 4×4 ಆದ ಕಾರಣ ನಾಲ್ಕೂ ಒಂದೇ ಅಳತೆ, ಒಂದೇ ಮಾದರಿ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಎರಡು ಹೊಸತು, ಎರಡು ಹಳತು ಹಾಕಿದರೆ ನಡುವಿನ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡೀತದೆ.

ಪಡುಬಿದ್ರಿ_ಪಾನ:
ಸ್ಟೆಪ್ನಿಯನ್ನೂ ಇಳಿಸಿ ನೋಡಿ. ಅಡಿಯಲ್ಲಿ ತೂಗುವ ಸರಪಳಿ ತುಕ್ಕು ಹಿಡಿದರೆ ಮಳೆಯಲ್ಲಿ ಪಂಕ್ಚರ್ ಆದ ದಿನವೇ ಗೊತ್ತಾಗುವುದು. ಮೂರು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ ಸರಪಳಿಗೆ ಗ್ರೀಸು.

ಇಂಜಿನ್ನಿನ ಬಗ್ಗೆ ಒಂದೇ ಮಾತು. ಈ 3.0 ಇಂಜಿನ್ನಿನಲ್ಲಿ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರಿದರೆ ಉರಿದ ಗಾಳಿ ವಾಲ್ವ್ ಕವರಿನೊಳಗೆ ನುಗ್ಗಿ ಎಣ್ಣೆಯನ್ನು ಡಾಂಬರು ಮಾಡ್ತದೆ, ಆ ಕರಿ ಸಂಪಿನ (ಇಂಜಿನ್ನಿನ ಅಡಿಯ ಎಣ್ಣೆ ಡಬ್ಬಿಯ) ಜಾಲರಿಗೆ ಕಟ್ಟಿ ಎಣ್ಣೆಯ ಒತ್ತಡ ಇಳಿಯುತ್ತದೆ. ತಣ್ಣಗಿನ ಇಂಜಿನ್ ಚಾಲೂ ಮಾಡಿದಾಗ ಚುಫ್ ಚುಫ್ ಶಬ್ದ, ಎಣ್ಣೆಯ ಮುಚ್ಚಳ ತೆಗೆದರೆ ಜೋರು ಹೊಗೆ ಕಂಡರೆ ತಡ ಮಾಡಬೇಡಿ. ಕೆಳಗಿನ ಸಂಪ್ ಇಳಿಸಿ ಜಾಲರಿ ನೋಡುವುದು ಅಂಗಳದಲ್ಲಿ ಆಗುವ ಕೆಲಸ. ಇಂಜೆಕ್ಟರ್ ತೆಗೆಯುವುದು ಆ ಕೆಲಸ ಗೊತ್ತಿದ್ದವರಿಗೆ ಬಿಡಿ, ಪೈಪಿನೊಳಗೆ ಒಂದು ಮರಳ ಕಣ ಹೋದರೂ ಇಂಜೆಕ್ಟರ್ ಹೋಯ್ತು. ಟೈಮಿಂಗ್ ಬೆಲ್ಟು (ಇಂಜಿನ್ನಿನ ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ನಡೆಸುವ ಬೆಲ್ಟು) ಬದಲಿಸುವ ದೀಪ ಹತ್ತಿದ ಮೇಲೆ "ಇನ್ನೊಂದು ತಿಂಗಳು" ಅನ್ನುವ ಹಾಗಿಲ್ಲ. ಹಿಂದಿನವರು ಬೆಲ್ಟು ಹಾಕದೆ ದೀಪ ಮಾತ್ರ ಆರಿಸಿರಲೂಬಹುದು. ಬಿಲ್ಲು ಇಲ್ಲದಿದ್ದರೆ ಹಾಕಿಲ್ಲ ಅಂತಲೇ ತಿಳಿಯಿರಿ.

ಕಟಪಾಡಿ_ಫಾರ್ಚೂನರ್:
ಬೆಲ್ಟಿನ ಬಿಲ್ಲು ಇಲ್ಲ. ಹಾಗಾದ್ರೆ ಸ್ನಾರ್ಕಲಿನ ದುಡ್ಡು ಬೆಲ್ಟಿಗೆ ಹೋಯ್ತು ಅಂತ ಲೆಕ್ಕ. ಚಕ್ರದ ನಟ್ಟು ಎಷ್ಟು ಬಿಗಿ ಮಾಡುವುದು?

ಬೆಳ್ತಂಗಡಿ_ಘಾಟಿ:
105 ನ್ಯೂಟನ್ ಮೀಟರ್, ಎದುರುಬದುರು ನಟ್ಟುಗಳ ಕ್ರಮದಲ್ಲಿ. ಮರೆಗೆ ಗ್ರೀಸು ಹಚ್ಚಬೇಡಿ, ಹಚ್ಚಿದರೆ ಅದೇ ಅಂಕಿಗೆ ಬೋಲ್ಟು ಹೆಚ್ಚು ಎಳೀತದೆ. ತುಕ್ಕಿನ ಭಯ ಇದ್ದರೆ ಹಬ್ಬಿನ ಮುಖಕ್ಕೆ, ಚಕ್ರ ಕೂರುವ ನಡು ಉಂಗುರಕ್ಕೆ ಮಾತ್ರ ತೆಳ್ಳಗೆ ಸವರಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನ) ಹಾಕಿ ನೋಡಿ.